ಮನೆಯ ವಿಡಿಯೊ ಓಡದಿದ್ದಾಗ, ಎಡಿಟಿಂಗ್ ಕೈಕೊಟ್ಟಾಗ: ದೋಷ ಹುಡುಕುವ ಕ್ರಮ

ಫೋನಿನಲ್ಲಿ ಚೆನ್ನಾಗಿಯೇ ಓಡುತ್ತಿದ್ದ ಗೃಹಪ್ರವೇಶದ ವಿಡಿಯೊ ಕಂಪ್ಯೂಟರಿಗೆ ಬಂದ ಕೂಡಲೇ ಕಪ್ಪು ಪರದೆಯಾಗುತ್ತದೆ, ಧ್ವನಿ ಮಾತ್ರ ಕೇಳುತ್ತದೆ. ಇನ್ನೊಂದರಲ್ಲಿ ಚಿತ್ರವೂ ಇದೆ, ಧ್ವನಿಯೂ ಇದೆ, ಆದರೆ ಎರಡಕ್ಕೂ ತಾಳ ಕೂಡುವುದಿಲ್ಲ. ಮೂರು ರಾತ್ರಿ ಕುಳಿತು ಜೋಡಿಸಿದ್ದು ಎಕ್ಸ್‌ಪೋರ್ಟ್ ಆಗುವಾಗ (ಒಂದೇ ವಿಡಿಯೊ ಫೈಲಾಗಿ ಹೊರಬರುವಾಗ) ಶೇಕಡಾ 63ಕ್ಕೆ ಬಂದು ನಿಲ್ಲುತ್ತದೆ. ಇಂಥ ಸಂದರ್ಭಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ತಪ್ಪು ಒಂದೇ: ದೋಷ ಎಲ್ಲಿದೆ ಎಂದು ನೋಡುವ ಮೊದಲೇ ಪರಿಹಾರಕ್ಕೆ ಕೈಹಾಕುವುದು. ಒಬ್ಬರು ತಂತ್ರಾಂಶವನ್ನು ಅಳಿಸಿ ಮತ್ತೆ ಹಾಕುತ್ತಾರೆ, ಇನ್ನೊಬ್ಬರು ಸಿಕ್ಕಿದ ಕನ್ವರ್ಟರಿನಲ್ಲಿ ಫೈಲನ್ನು ಬದಲಾಯಿಸಿ ಮೂಲವನ್ನೇ ಅಳಿಸಿಬಿಡುತ್ತಾರೆ.

ದೋಷ ಇರಬಹುದಾದ ಜಾಗಗಳು ನಾಲ್ಕೇ: ಫೈಲು, ಅದನ್ನು ಓಡಿಸುವ ಯಂತ್ರ ಮತ್ತು ಪ್ಲೇಯರ್, ಎಡಿಟಿಂಗ್ ಪ್ರಾಜೆಕ್ಟ್, ಕೊನೆಗೆ ಹೊರಬರುವ ವಿಡಿಯೊ. ಕೆಳಗಿನ ಹಂತಗಳು ಇದೇ ಅನುಕ್ರಮದಲ್ಲಿವೆ. ಹಿಂದಿನದನ್ನು ಮುಗಿಸದೆ ಮುಂದಿನದಕ್ಕೆ ಹೋದರೆ ಒಂದು ದೋಷದ ಮೇಲೆ ಇನ್ನೊಂದು ಕೂತು, ಯಾವುದು ಯಾವುದರ ಫಲ ಎಂದು ತಿಳಿಯದಂತಾಗುತ್ತದೆ. ವಿವರಣೆಯಲ್ಲಿ ವಿಂಡೋಸ್ ಕಂಪ್ಯೂಟರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಲಿನಕ್ಸ್ ಬಳಸುವವರಿಗೂ ಬಹುಪಾಲು ಹಾಗೆಯೇ ಅನ್ವಯಿಸುತ್ತದೆ.

ಮೊದಲು ಕೈಯಲ್ಲಿರಬೇಕಾದ ಸಲಕರಣೆ

ನಾಲ್ಕು ಉಚಿತ ತಂತ್ರಾಂಶಗಳು ಸಾಕು. ಓಡಿಸಿ ನೋಡಲು ವಿಎಲ್‌ಸಿ, ಫೈಲಿನ ಒಳವಿವರ ಓದಲು ಮೀಡಿಯಾಇನ್ಫೊ, ಒಂದು ರೂಪದಿಂದ ಇನ್ನೊಂದಕ್ಕೆ ಪರಿವರ್ತಿಸಲು ಹ್ಯಾಂಡ್‌ಬ್ರೇಕ್, ಎಡಿಟಿಂಗಿಗೆ ಶಾಟ್‌ಕಟ್ ಅಥವಾ ಕೆಡೆನ್‌ಲೈವ್. ಇವುಗಳನ್ನು ಆಯಾ ತಂತ್ರಾಂಶದ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಮೈಕ್ರೋಸಾಫ್ಟಿನ ಹಳೆಯ ಮೂವಿ ಮೇಕರ್ 2017ರ ಜನವರಿಯಲ್ಲೇ ನಿಂತುಹೋಯಿತು. ಈಗ ಆ ಹೆಸರಿನಲ್ಲಿ ಹಣ ಕೇಳುವ ಅಥವಾ ಜೊತೆಗೆ ಏನೇನೋ ತುಂಬಿಕೊಡುವ ತಾಣಗಳ ಕಡೆ ಹೋಗಬೇಡಿ. "ಕೋಡೆಕ್ ಪ್ಯಾಕ್" ಎಂದು ಕಂಡದ್ದನ್ನೆಲ್ಲ ಹಾಕಿಕೊಳ್ಳುವುದೂ ಬೇಡ. ಕೋಡೆಕ್ ಎಂದರೆ ವಿಡಿಯೊವನ್ನು ಕುಗ್ಗಿಸುವ, ಮತ್ತೆ ಬಿಡಿಸುವ ತಂತ್ರಾಂಶದ ತುಣುಕು. ಒಂದು ಕೆಲಸಕ್ಕೆ ಹತ್ತು ಕೋಡೆಕ್‌ಗಳು ಪೈಪೋಟಿಗೆ ಬಿದ್ದರೆ, ಮೊದಲು ಸರಿಯಿದ್ದ ವಿಡಿಯೊಗಳೂ ಕೆಡುತ್ತವೆ.

ಡಿಸ್ಕಿನಲ್ಲಿ ಮೂಲ ವಿಡಿಯೊಗಳ ಒಟ್ಟು ಗಾತ್ರದ ಮೂರು ಪಟ್ಟು ಜಾಗ ಖಾಲಿಯಿರಲಿ. ಪಕ್ಕದಲ್ಲಿ ಒಂದು ಹಾಳೆ ಮತ್ತು ಪೆನ್ ಇಟ್ಟುಕೊಂಡು, ಏನು ಬದಲಾಯಿಸಿದಿರಿ, ಆಗ ಏನಾಯಿತು ಎಂದು ಬರೆದುಕೊಳ್ಳಿ. ಹಳೆಯ ಕಾಲದ ಪದ್ಧತಿಯಂತೆ ಕಂಡರೂ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುವ ಶಿಸ್ತು ಇದರಿಂದಲೇ ಬರುತ್ತದೆ.

ಹಂತ 1: ಮೂಲ ಫೈಲನ್ನು ಪೂರ್ತಿಯಾಗಿ, ಸರಿಯಾಗಿ ತನ್ನಿ

ಕಂಪ್ಯೂಟರಿಗೆ ಬಂದಿರುವುದು ನಿಜವಾಗಿಯೂ ಮೂಲ ಫೈಲೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ವಾಟ್ಸ್‌ಆ್ಯಪಿನಲ್ಲಿ ವಿಡಿಯೊ ಎಂದು ಕಳುಹಿಸಿದ್ದು ದಾರಿಯಲ್ಲೇ ಕುಗ್ಗಿರುತ್ತದೆ. ಅದರ ಮಸುಕನ್ನು ಎಡಿಟಿಂಗಿನಲ್ಲಿ ತೆಗೆಯಲು ಬರುವುದಿಲ್ಲ. ಬೇರೆ ಊರಿನ ನೆಂಟರಿಂದ ತರಿಸಿಕೊಳ್ಳುವುದಿದ್ದರೆ "ಡಾಕ್ಯುಮೆಂಟ್" ಎಂದು ಕಳುಹಿಸಲು ಹೇಳಿ, ಇಲ್ಲವೇ ಪೆನ್‌ಡ್ರೈವಿನಲ್ಲಿ ತರಿಸಿ.

ಕೇಬಲ್ ಮೂಲಕ ಕಾಪಿ ಮಾಡುವಾಗ ಫೋನಿನ ಪರದೆ ಆರಿಹೋಗಿಯೋ ಕೇಬಲ್ ಸಡಿಲವಾಗಿಯೋ ಕಾಪಿ ಅರ್ಧಕ್ಕೆ ನಿಲ್ಲುವುದುಂಟು. ಫೋನಿನಲ್ಲಿ ತೋರಿಸುವ ಗಾತ್ರವನ್ನೂ ಕಂಪ್ಯೂಟರಿನ "ಪ್ರಾಪರ್ಟೀಸ್" ತೋರಿಸುವ ಗಾತ್ರವನ್ನೂ ಹೋಲಿಸಿ ನೋಡಿ. ಎರಡು ಕಡೆಯ ಲೆಕ್ಕ ಹಾಕುವ ವಿಧಾನ ಬೇರೆಯಿರುವುದರಿಂದ ಸಣ್ಣ ವ್ಯತ್ಯಾಸ ಸಹಜ. 2 ಜಿಬಿಯ ಫೈಲು 900 ಎಂಬಿ ಆಗಿದ್ದರೆ ಮತ್ತೆ ಕಾಪಿ ಮಾಡಿ. ಐಫೋನಿನಿಂದ ಕಾಪಿ ಮಾಡುವಾಗ ವಿಂಡೋಸ್ ನಡುವೆಯೇ ದೋಷದ ಸಂದೇಶ ಕೊಟ್ಟು ನಿಂತರೆ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಫೋಟೋಸ್ ವಿಭಾಗಕ್ಕೆ ಹೋಗಿ "ಟ್ರಾನ್ಸ್‌ಫರ್ ಟು ಮ್ಯಾಕ್ ಆರ್ ಪಿಸಿ" ಎಂಬಲ್ಲಿ "ಕೀಪ್ ಒರಿಜಿನಲ್ಸ್" ಆರಿಸಿ. ಸಾಮಾನ್ಯವಾಗಿ ಅಲ್ಲಿಗೆ ಸರಿಹೋಗುತ್ತದೆ.

ಕಾಪಿ ಮುಗಿದ ಮೇಲೆ "ಮೂಲ" ಎಂಬ ಫೋಲ್ಡರಿನಲ್ಲಿ ಎಲ್ಲವನ್ನೂ ಇಟ್ಟು, ಅದರ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿಗೆ ಹಾಕಿ. ಇನ್ನು ಮುಂದೆ ಈ ಫೋಲ್ಡರಿನ ಹೆಸರನ್ನೂ ಜಾಗವನ್ನೂ ಬದಲಾಯಿಸಬೇಡಿ. ಫೋನಿನಲ್ಲಿರುವ ಪ್ರತಿಯನ್ನು ಇಡೀ ಕೆಲಸ ಮುಗಿಯುವವರೆಗೆ ಅಳಿಸಲೂಬೇಡಿ.

ಹಂತ 2: ದೋಷ ಫೈಲಿನದೋ, ಯಂತ್ರದ್ದೋ?

ಮೂರು ಪರೀಕ್ಷೆಗಳನ್ನು ಇದೇ ಕ್ರಮದಲ್ಲಿ ಮಾಡಿ. ತೊಂದರೆ ಕೊಡುವ ಫೈಲನ್ನು ವಿಎಲ್‌ಸಿಯಲ್ಲಿ ತೆರೆಯಿರಿ. ಅಲ್ಲಿ ಸರಿಯಾಗಿ ಓಡಿದರೆ ಫೈಲು ಗಟ್ಟಿಯಾಗಿದೆ, ಕೊರತೆಯಿರುವುದು ನಿಮ್ಮ ಇನ್ನೊಂದು ಪ್ಲೇಯರಿನಲ್ಲಿ. ಅಲ್ಲಿಯೂ ಓಡದಿದ್ದರೆ ಅದೇ ಕಂಪ್ಯೂಟರಿನಲ್ಲಿ ಹಳೆಯದೊಂದು ವಿಡಿಯೊ ಓಡಿಸಿ ನೋಡಿ. ಅದೂ ಮುಗ್ಗರಿಸಿದರೆ ಸಂಶಯ ಯಂತ್ರದ ಮೇಲೆ. ಹಳೆಯದು ಓಡಿ ಹೊಸದು ಮಾತ್ರ ಓಡದಿದ್ದರೆ, ಹೊಸದನ್ನು ಬೇರೊಂದು ಕಂಪ್ಯೂಟರಿನಲ್ಲಿ ಪರೀಕ್ಷಿಸಿ.

ಮುಗ್ಗರಿಸುವ ಜಾಗವನ್ನು ಗಮನಿಸುವುದು ಇಲ್ಲಿ ಬಹಳ ಮುಖ್ಯ. ಪ್ರತಿ ಸಲವೂ 12ನೇ ನಿಮಿಷದ ಅದೇ ಕ್ಷಣದಲ್ಲಿ ತಡವರಿಸಿದರೆ ಫೈಲಿನ ಆ ಭಾಗ ಅಥವಾ ಡಿಸ್ಕಿನ ಆ ಜಾಗ ಕೆಟ್ಟಿದೆ. ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ ತಡವರಿಸಿದರೆ ಯಂತ್ರಕ್ಕೆ ಉಸಿರು ಸಾಲುತ್ತಿಲ್ಲ.

ಹಂತ 3: ಫೈಲಿನ ಜಾತಕ ಓದಿ

ಎಂಪಿ4, ಎಂಒವಿ, ಎಂಕೆವಿ ಎಂಬವೆಲ್ಲ ಡಬ್ಬಿಯ ಹೆಸರುಗಳು. ಒಳಗೆ ತುಂಬಿರುವುದು ಏನು ಎಂಬುದನ್ನು ಅವು ಹೇಳುವುದಿಲ್ಲ. ಎರಡು ಎಂಪಿ4 ಫೈಲುಗಳಲ್ಲಿ ಒಂದು ಓಡಿ ಇನ್ನೊಂದು ಓಡದಿರುವುದಕ್ಕೆ ಇದೇ ಕಾರಣ. ಹೆಸರಿನ ಕೊನೆಯ ಅಕ್ಷರಗಳನ್ನು ಬದಲಾಯಿಸಿ "ಪರಿವರ್ತಿಸಿದೆ" ಎಂದುಕೊಳ್ಳುವವರು ಇಂದಿಗೂ ಇದ್ದಾರೆ. ಅದು ಉಪ್ಪಿನ ಡಬ್ಬಿಗೆ ಸಕ್ಕರೆ ಎಂದು ಚೀಟಿ ಅಂಟಿಸಿದಂತೆ.

ಮೀಡಿಯಾಇನ್ಫೊದಲ್ಲಿ ಫೈಲನ್ನು ತೆರೆದು, ಮೇಲಿನ ಮೆನುವಿನಲ್ಲಿ "ವ್ಯೂ", ಅನಂತರ "ಟ್ರೀ" ಆರಿಸಿದರೆ ಪೂರ್ತಿ ವಿವರ ಬರುತ್ತದೆ. ಅದರಲ್ಲಿ ಐದು ಸಾಲುಗಳನ್ನು ನಿಮ್ಮ ಹಾಳೆಗೆ ಇಳಿಸಿಕೊಳ್ಳಿ: ವಿಡಿಯೊದ "ಫಾರ್ಮ್ಯಾಟ್", "ಬಿಟ್ ಡೆಪ್ತ್", "ಫ್ರೇಮ್ ರೇಟ್ ಮೋಡ್", ಬಣ್ಣಕ್ಕೆ ಸಂಬಂಧಿಸಿದ "ಟ್ರಾನ್ಸ್‌ಫರ್ ಕ್ಯಾರೆಕ್ಟರಿಸ್ಟಿಕ್ಸ್" ಮತ್ತು ಧ್ವನಿಯ "ಫಾರ್ಮ್ಯಾಟ್".

ಫಾರ್ಮ್ಯಾಟ್ "ಎವಿಸಿ" ಎಂದಿದ್ದರೆ ಅದು ಎಚ್.264, ಇಂದಿನ ಎಲ್ಲ ಯಂತ್ರಗಳೂ ಅದನ್ನು ಓಡಿಸುತ್ತವೆ. "ಎಚ್‌ಇವಿಸಿ" ಎಂದಿದ್ದರೆ ಅದು ಎಚ್.265. ಹೊಸ ಫೋನುಗಳು ಜಾಗ ಉಳಿಸಲು ಇದನ್ನೇ ಬಳಸುತ್ತವೆ, ಹಳೆಯ ಲ್ಯಾಪ್‌ಟಾಪ್‌ಗಳು ಇದರ ಮುಂದೆಯೇ ಏದುಸಿರು ಬಿಡುತ್ತವೆ. ಫ್ರೇಮ್ ರೇಟ್ ಮೋಡ್ "ವೇರಿಯಬಲ್" (ಸೆಕೆಂಡಿಗೆ ಹಿಡಿದ ಚಿತ್ರಗಳ ಸಂಖ್ಯೆ ಬದಲಾಗುತ್ತಿದೆ) ಎಂದಿದ್ದರೆ ಹಂತ 5 ನಿಮಗಾಗಿಯೇ ಇದೆ. ಟ್ರಾನ್ಸ್‌ಫರ್ ಸಾಲಿನಲ್ಲಿ "ಎಚ್‌ಎಲ್‌ಜಿ" ಅಥವಾ "ಪಿಕ್ಯೂ" ಕಂಡರೆ ಅದು ಎಚ್‌ಡಿಆರ್, ಅಂದರೆ ಬೆಳಕು-ಬಣ್ಣಗಳ ಹೆಚ್ಚಿನ ವ್ಯಾಪ್ತಿ ಹಿಡಿಯುವ ವಿಡಿಯೊ. ಸಾಮಾನ್ಯ ಪರದೆಯಲ್ಲಿ ಬಣ್ಣ ಸಪ್ಪೆಯಾಗಿಯೋ ಮುಖಗಳು ಬೆಳ್ಳಗೆ ಸುಟ್ಟಂತೆಯೋ ಕಾಣುತ್ತದೆ.

ಹಂತ 4: ಓಡಿಸುವಾಗಿನ ತೊಂದರೆಗಳು

ಧ್ವನಿಯಿದ್ದು ಚಿತ್ರ ಕಪ್ಪಾಗಿದ್ದರೆ, ಹತ್ತರಲ್ಲಿ ಒಂಬತ್ತು ಸಲ ಅದು ಎಚ್‌ಇವಿಸಿ ಫೈಲು, ತೆರೆದ ಪ್ಲೇಯರ್ ವಿಂಡೋಸಿನ ಸ್ವಂತದ್ದು. ವಿಂಡೋಸಿಗೆ ಇದನ್ನು ಬಿಡಿಸಿ ಓದಲು ಮೈಕ್ರೋಸಾಫ್ಟ್ ಸ್ಟೋರಿನ "ಎಚ್‌ಇವಿಸಿ ವಿಡಿಯೊ ಎಕ್ಸ್‌ಟೆನ್ಷನ್ಸ್" ಬೇಕು, ಅದಕ್ಕೆ ಸಣ್ಣ ಶುಲ್ಕವಿದೆ. ವಿಎಲ್‌ಸಿ ತನ್ನ ಕೋಡೆಕ್‌ಗಳನ್ನು ತನ್ನೊಳಗೇ ಇಟ್ಟುಕೊಂಡಿರುವುದರಿಂದ, ಬರೀ ನೋಡುವುದಕ್ಕಾದರೆ ಹಣ ಕೊಡುವ ಅಗತ್ಯವಿಲ್ಲ.

ಚಿತ್ರ ತಡವರಿಸುತ್ತಿದ್ದರೆ, ವಿಡಿಯೊ ಓಡುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು "ಪರ್ಫಾರ್ಮೆನ್ಸ್" ನೋಡಿ. ಸಿಪಿಯು ಶೇಕಡಾ 100ರ ಹತ್ತಿರವಿದ್ದು, ಜಿಪಿಯುವಿನ (ಗ್ರಾಫಿಕ್ಸ್ ಚಿಪ್ಪಿನ) "ವಿಡಿಯೊ ಡಿಕೋಡ್" ಗೆರೆ ನೆಲಕ್ಕೆ ಅಂಟಿಕೊಂಡಿದ್ದರೆ, ಚಿತ್ರ ಬಿಡಿಸುವ ಕೆಲಸವೆಲ್ಲ ಸಿಪಿಯುವಿನ ತಲೆಯ ಮೇಲೆ ಬಿದ್ದಿದೆ ಎಂದರ್ಥ. ವಿಎಲ್‌ಸಿಯ "ಟೂಲ್ಸ್", "ಪ್ರಿಫರೆನ್ಸಸ್", "ಇನ್‌ಪುಟ್/ಕೋಡೆಕ್ಸ್" ದಾರಿಯಲ್ಲಿ ಹೋಗಿ ಹಾರ್ಡ್‌ವೇರ್ ಡಿಕೋಡಿಂಗನ್ನು "ಆಟೋಮ್ಯಾಟಿಕ್" ಮಾಡಿ. ಚಿತ್ರ ಹಸಿರಾಗಿಯೋ ಚೌಕಚೌಕವಾಗಿಯೋ ಬರುತ್ತಿದ್ದರೆ ಇದೇ ಆಯ್ಕೆಯನ್ನು "ಡಿಸೇಬಲ್" ಮಾಡಿ ನೋಡಿ. ಹಾಗೆ ಸರಿಹೋದರೆ ಗ್ರಾಫಿಕ್ಸ್ ಡ್ರೈವರನ್ನು ನವೀಕರಿಸಬೇಕು.

ಯಂತ್ರದ ಮಿತಿಯನ್ನು ಒಪ್ಪಿಕೊಳ್ಳಬೇಕಾದ ಸಂದರ್ಭವೂ ಇದೆ. ಇಂಟೆಲ್ ಚಿಪ್ಪುಗಳಲ್ಲಿ 8 ಬಿಟ್‌ನ ಎಚ್‌ಇವಿಸಿಯನ್ನು ಯಂತ್ರಾಂಶದಲ್ಲೇ ಪೂರ್ತಿಯಾಗಿ ಬಿಡಿಸುವ ಸೌಲಭ್ಯ 6ನೇ ತಲೆಮಾರಿನಿಂದ, 10 ಬಿಟ್‌ನದು 7ನೇ ತಲೆಮಾರಿನಿಂದ ಬಂದಿತು. ಎವಿ1 ಎಂಬ ಇನ್ನೂ ಹೊಸ ರೂಪಕ್ಕೆ 11ನೇ ತಲೆಮಾರು ಬೇಕು. ಅದಕ್ಕಿಂತ ಹಳೆಯ ಲ್ಯಾಪ್‌ಟಾಪಿನಲ್ಲಿ 4ಕೆ ವಿಡಿಯೊ ತಡವರಿಸಿದರೆ ಅದು ಕೆಟ್ಟಿಲ್ಲ, ವಯಸ್ಸಾಗಿದೆ ಅಷ್ಟೇ. ಆ ಫೈಲನ್ನು ಹ್ಯಾಂಡ್‌ಬ್ರೇಕಿನ "ಫಾಸ್ಟ್ 1080ಪಿ30" ಆಯ್ಕೆಯಲ್ಲಿ ಎಚ್.264ಕ್ಕೆ ಇಳಿಸಿ ನೋಡಿ. ಅದಕ್ಕೂ ಮೊದಲು ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿದೆಯೇ, ವಿಡಿಯೊ ನೇರವಾಗಿ ಹಳೆಯ ಪೆನ್‌ಡ್ರೈವಿನಿಂದ ಓಡುತ್ತಿದೆಯೇ ಎಂಬೆರಡನ್ನು ನೋಡಿಕೊಳ್ಳಿ. ಇದು ಕ್ಷುಲ್ಲಕವೆನಿಸಬಹುದು, ಆದರೆ ಅರ್ಧ ದೂರುಗಳು ಇಲ್ಲಿಗೇ ಮುಗಿಯುತ್ತವೆ.

ಎಚ್‌ಡಿಆರ್‌ನ ಸಪ್ಪೆ ಬಣ್ಣಕ್ಕೆ, ಶಾಟ್‌ಕಟ್‌ನ "ಕನ್ವರ್ಟ್ ಟು ಎಡಿಟ್-ಫ್ರೆಂಡ್ಲಿ" ಎಂಬಲ್ಲಿ ಬಣ್ಣವನ್ನು ಸಾಮಾನ್ಯ ಪರದೆಗಳ "ಬಿಟಿ.709"ಕ್ಕೆ ಬದಲಾಯಿಸುವ ಆಯ್ಕೆಯಿದೆ. ಮುಂದಿನ ಸಲಕ್ಕೆ ಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಎಚ್‌ಡಿಆರ್ ವಿಡಿಯೊವನ್ನೇ ಆಫ್ ಮಾಡಿಟ್ಟರೆ ಈ ಗೋಜಿಲ್ಲ.

ಹಂತ 5: ಚಿತ್ರಕ್ಕೂ ಧ್ವನಿಗೂ ತಾಳ ತಪ್ಪಿದಾಗ

ಇದು ಅತಿ ಹೆಚ್ಚು ಜನ ಸೋಲುವ ಜಾಗವಾದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಮೊದಲನೆಯದಾಗಿ ಬ್ಲೂಟೂತ್ ಸ್ಪೀಕರ್ ಅಥವಾ ಇಯರ್‌ಫೋನ್ ತೆಗೆದು, ಕಂಪ್ಯೂಟರಿನ ಸ್ವಂತ ಸ್ಪೀಕರಿನಲ್ಲಿ ಕೇಳಿ. ಬ್ಲೂಟೂತ್ ತಾನಾಗಿಯೇ ಧ್ವನಿಯನ್ನು ತುಸು ತಡವಾಗಿಸುತ್ತದೆ. ಅದನ್ನು ಫೈಲಿನ ದೋಷವೆಂದು ತಿಳಿದು ತಿದ್ದಲು ಹೋದರೆ ಸರಿಯಿದ್ದದ್ದು ಕೆಡುತ್ತದೆ.

ಅನಂತರ ವಿಡಿಯೊದ ಆರಂಭ, ನಡು ಮತ್ತು ಕೊನೆ, ಈ ಮೂರು ಕಡೆ ಪರೀಕ್ಷಿಸಿ. ಚಪ್ಪಾಳೆ, ತೆಂಗಿನಕಾಯಿ ಒಡೆಯುವುದು, ಡೋಲಿನ ಪೆಟ್ಟು, ಹೀಗೆ ಕಣ್ಣಿಗೂ ಕಿವಿಗೂ ಒಟ್ಟಿಗೆ ತಗಲುವ ಕ್ಷಣಗಳನ್ನು ಹುಡುಕಿಕೊಳ್ಳಿ. ಮೂರೂ ಕಡೆ ಒಂದೇ ಅಳತೆಯಷ್ಟು ತಪ್ಪಿದ್ದರೆ ಅದು ಸರಿದುಹೋದ ಧ್ವನಿ. ವಿಎಲ್‌ಸಿಯಲ್ಲಿ ಜೆ ಮತ್ತು ಕೆ ಕೀಲಿಗಳು ಧ್ವನಿಯನ್ನು ಒಂದೊಂದು ಒತ್ತಿಗೆ 50 ಮಿಲಿಸೆಕೆಂಡಿನಷ್ಟು ಹಿಂದೆ ಮುಂದೆ ಸರಿಸುತ್ತವೆ. ಎಷ್ಟು ಒತ್ತಿದಾಗ ಕೂಡಿತು ಎಂದು ಎಣಿಸಿ, ಎಡಿಟಿಂಗಿನಲ್ಲಿ ಧ್ವನಿಯ ಪಟ್ಟಿಯನ್ನು ಬೇರ್ಪಡಿಸಿ ಅಷ್ಟೇ ಸರಿಸಿದರೆ ಮುಗಿಯಿತು.

ಆದರೆ ಆರಂಭದಲ್ಲಿ ಸರಿಯಿದ್ದು, ಹೋಗುತ್ತ ಹೋಗುತ್ತ ಅಂತರ ಬೆಳೆಯುತ್ತಿದ್ದರೆ ಸರಿಸುವುದರಿಂದ ಏನೂ ಆಗದು. ನನ್ನ ತಂಗಿಯ ಮಗನ ಉಪನಯನದ 48 ನಿಮಿಷಗಳ ವಿಡಿಯೊ ಇದಕ್ಕೆ ಒಳ್ಳೆಯ ಉದಾಹರಣೆ. ಐದನೇ ನಿಮಿಷದಲ್ಲಿ ಪುರೋಹಿತರ ತುಟಿಗೂ ಮಂತ್ರಕ್ಕೂ ಕೂದಲಷ್ಟೂ ಅಂತರವಿರಲಿಲ್ಲ. ನಲವತ್ತೈದನೇ ನಿಮಿಷದಲ್ಲಿ, ಡೋಲಿನವರ ಕೋಲು ಚರ್ಮಕ್ಕೆ ಬಡಿದು ಮೇಲೆದ್ದು ಮತ್ತೆ ಇಳಿಯುವ ಹೊತ್ತಿಗೆ ಮೊದಲನೆಯ ಪೆಟ್ಟಿನ ಸದ್ದು ಬರುತ್ತಿತ್ತು. ನಾನು ಧ್ವನಿಯನ್ನು ತುಂಡು ತುಂಡು ಮಾಡಿ ಒಂದೊಂದನ್ನೂ ಸರಿಸುತ್ತ ಒಂದು ಭಾನುವಾರವನ್ನೇ ಕಳೆದೆ. ಕೊನೆಗೆ ಮೀಡಿಯಾಇನ್ಫೊ ತೆರೆದಾಗ ಫ್ರೇಮ್ ರೇಟ್ ಮೋಡ್ "ವೇರಿಯಬಲ್" ಎಂದಿತ್ತು, ಕನಿಷ್ಠ ಮತ್ತು ಗರಿಷ್ಠ ವೇಗಗಳ ನಡುವೆ ದೊಡ್ಡ ಅಂತರವಿತ್ತು.

ಆಗುವುದೇನೆಂದರೆ, ಫೋನು ಬೆಳಕು ಕಡಿಮೆಯಾದಾಗ ಪ್ರತಿ ಚಿತ್ರಕ್ಕೂ ಹೆಚ್ಚು ಸಮಯ ತೆಗೆದುಕೊಳ್ಳಲು ಸೆಕೆಂಡಿಗೆ 30 ಚಿತ್ರಗಳ ಬದಲು ಕಡಿಮೆ ಚಿತ್ರಗಳನ್ನು ಹಿಡಿಯುತ್ತದೆ, ಬೆಳಕು ಬಂದಾಗ ಮತ್ತೆ ಏರಿಸುತ್ತದೆ. ಪ್ಲೇಯರ್ ಪ್ರತಿ ಚಿತ್ರದ ಸಮಯದ ಮುದ್ರೆ ನೋಡಿ ಓಡಿಸುವುದರಿಂದ ಅಲ್ಲಿ ತೊಂದರೆ ಕಾಣದು. ಎಡಿಟಿಂಗ್ ತಂತ್ರಾಂಶ ಎಲ್ಲ ಚಿತ್ರಗಳೂ ಸಮಾನ ಅಂತರದಲ್ಲಿವೆ ಎಂದು ಎಣಿಸಿ ಜೋಡಿಸಿದರೆ ಚಿತ್ರ ಒಂದು ದಾರಿ, ಧ್ವನಿ ಇನ್ನೊಂದು ದಾರಿ ಹಿಡಿಯುತ್ತದೆ. ವ್ಯತ್ಯಾಸ ಎಷ್ಟು ಸಣ್ಣದಿದ್ದರೂ ಸಾಕು: 29.97 ಮತ್ತು 30ರ ನಡುವಿನ ಅಂತರವೇ ಒಂದು ಗಂಟೆಗೆ 3.6 ಸೆಕೆಂಡು ಬೆಳೆಯುತ್ತದೆ.

ಪರಿಹಾರವನ್ನು ಕತ್ತರಿಸುವ ಮೊದಲೇ ಮಾಡಬೇಕು. ಹ್ಯಾಂಡ್‌ಬ್ರೇಕಿನಲ್ಲಿ ಮೂಲ ಫೈಲು ತೆರೆದು, "ಪ್ರೊಡಕ್ಷನ್" ಗುಂಪಿನ "ಪ್ರೊಡಕ್ಷನ್ ಸ್ಟ್ಯಾಂಡರ್ಡ್" ಆರಿಸಿ. ಎಡಿಟಿಂಗಿಗಾಗಿಯೇ ಮಾಡಿದ ಆಯ್ಕೆ ಅದು. "ವಿಡಿಯೊ" ವಿಭಾಗದಲ್ಲಿ ಫ್ರೇಮ್ ರೇಟನ್ನು ಫೋನಿನ ಸೆಟ್ಟಿಂಗಿನಲ್ಲಿದ್ದ 30 ಅಥವಾ 60ಕ್ಕೆ ನಿಲ್ಲಿಸಿ, ಅದರ ಕೆಳಗೆ "ಕಾನ್ಸ್‌ಟಂಟ್ ಫ್ರೇಮ್‌ರೇಟ್" ಗುರುತಿಸಿದೆಯೇ ನೋಡಿ. "ಆಡಿಯೊ" ವಿಭಾಗದಲ್ಲಿ ಎಎಸಿ, 48 ಕಿಲೋಹರ್ಟ್ಸ್ ಇರಲಿ. ಹೊಸ ಫೈಲಿಗೆ ಬೇರೆ ಹೆಸರು ಕೊಟ್ಟು, ಬೇರೆ ಫೋಲ್ಡರಿಗೆ ಕಳುಹಿಸಿ. ಫೈಲು ದೊಡ್ಡದಾಗುತ್ತದೆ, ಗಾಬರಿಯಾಗಬೇಡಿ. ಶಾಟ್‌ಕಟ್ ಮತ್ತು ಕೆಡೆನ್‌ಲೈವ್‌ಗಳು ಇಂಥ ಫೈಲು ಬಂದಾಗ ತಾವೇ ಎಚ್ಚರಿಸಿ ಪರಿವರ್ತಿಸಲೇ ಎಂದು ಕೇಳುತ್ತವೆ; ಆ ಪೆಟ್ಟಿಗೆಯನ್ನು ಓದದೆ ಮುಚ್ಚುವ ಅಭ್ಯಾಸ ಬಿಡಿ.

ಬೇರೆ ತೊಂದರೆಗಳಿಗೆ ಎರಡು ನಿಮಿಷದ ತುಣುಕಿನ ಮೇಲೆ ಪ್ರಯೋಗ ಮಾಡಿ ನೋಡುವುದು ಜಾಣತನ, ಆದರೆ ಇದಕ್ಕೆ ಅದು ನಡೆಯುವುದಿಲ್ಲ. ಅಂತರ ಬೆಳೆದು ಕಾಣುವುದು ಕೊನೆಯಲ್ಲಾದ್ದರಿಂದ ಪೂರ್ತಿ ಫೈಲನ್ನು ಪರಿವರ್ತಿಸಿ, ಟೈಮ್‌ಲೈನಿಗೆ (ಕ್ಲಿಪ್‌ಗಳನ್ನು ಜೋಡಿಸುವ ಪಟ್ಟಿಗೆ) ಹಾಕಿ, ಕೊನೆಯ ನಿಮಿಷವನ್ನು ನೋಡಿಯೇ ಕತ್ತರಿ ಹಿಡಿಯಿರಿ. ಈಗಾಗಲೇ ಎಡಿಟಿಂಗ್ ಮುಗಿದಿದ್ದರೆ ಹೊಸ ಫೈಲನ್ನು ಹಳೆಯದರ ಜಾಗಕ್ಕೆ ಜೋಡಿಸಬಹುದು, ಆದರೆ ಕತ್ತರಿಸಿದ ಜಾಗಗಳು ಸರಿದಿರುತ್ತವೆ. ಒಂದೊಂದನ್ನೂ ಮತ್ತೆ ನೋಡಬೇಕು.

ಇದೇ ಸಂದರ್ಭದಲ್ಲಿ ಒಂದು ಮಾತು: ಛತ್ರದ ಟ್ಯೂಬ್‌ಲೈಟ್ ಬೆಳಕಿನಲ್ಲಿ ತೆಗೆದ ವಿಡಿಯೊದಲ್ಲಿ ಪಟ್ಟೆಪಟ್ಟೆಯಾಗಿ ಬೆಳಕು ಹೊಯ್ದಾಡಿದರೆ ಅದು ಕಂಪ್ಯೂಟರಿನ ದೋಷವಲ್ಲ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಅಂಥ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಮುಂದಿನ ಸಲ ಕ್ಯಾಮೆರಾದ ಶಟರನ್ನು ಸೆಕೆಂಡಿನ 50ನೇ ಅಥವಾ 100ನೇ ಒಂದು ಭಾಗಕ್ಕೆ ನಿಲ್ಲಿಸಿಕೊಳ್ಳಿ.

ಹಂತ 6: ಎಡಿಟಿಂಗ್ ತಂತ್ರಾಂಶ ಭಾರವಾದಾಗ, ಕ್ಲಿಪ್ ಕಾಣೆಯಾದಾಗ

ಟೈಮ್‌ಲೈನ್ ತೆವಳುತ್ತಿದ್ದರೆ ಪ್ರಾಕ್ಸಿ ಬಳಸಿ. ದೊಡ್ಡ ಫೈಲಿನ ಸಣ್ಣ ಪ್ರತಿಯೊಂದನ್ನು ತಂತ್ರಾಂಶವೇ ಮಾಡಿಕೊಂಡು, ಎಡಿಟಿಂಗ್ ವೇಳೆ ಅದನ್ನು ತೋರಿಸುತ್ತದೆ, ಎಕ್ಸ್‌ಪೋರ್ಟ್ ಮಾಡುವಾಗ ಮೂಲವನ್ನೇ ಬಳಸುತ್ತದೆ. ಶಾಟ್‌ಕಟ್‌ನಲ್ಲಿ "ಸೆಟ್ಟಿಂಗ್ಸ್" ಮೆನುವಿನ "ಪ್ರಾಕ್ಸಿ" ಎಂಬಲ್ಲಿ, ಕೆಡೆನ್‌ಲೈವ್‌ನಲ್ಲಿ ಪ್ರಾಜೆಕ್ಟ್ ಸೆಟ್ಟಿಂಗಿನಲ್ಲಿ ಇದು ಸಿಗುತ್ತದೆ. ಹೊಸ ರ್‍ಯಾಮ್ ಕೊಳ್ಳುವ ಮೊದಲು ಇದನ್ನು ಪ್ರಯತ್ನಿಸಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಶಾಟ್‌ಕಟ್‌ನಲ್ಲಿ ವಿಡಿಯೊ ಮೋಡ್ "ಆಟೋಮ್ಯಾಟಿಕ್" ಆಗಿದ್ದಾಗ, ಮೊದಲು ಹಾಕಿದ ಕ್ಲಿಪ್ಪಿನ ಅಳತೆಯೇ ಇಡೀ ಪ್ರಾಜೆಕ್ಟಿನ ಅಳತೆಯಾಗುತ್ತದೆ. ನಿಂತ ಫೋನಿನಲ್ಲಿ ತೆಗೆದ ಉದ್ದನೆಯ ಕ್ಲಿಪ್ಪನ್ನು ಮೊದಲು ಹಾಕಿದರೆ, ಉಳಿದ ಅಡ್ಡ ವಿಡಿಯೊಗಳೆಲ್ಲ ಅಂಚೆಚೀಟಿಯಷ್ಟಾಗಿ ನಡುವೆ ಕೂರುತ್ತವೆ. ಪ್ರಾಜೆಕ್ಟ್ ತೆರೆಯುವಾಗಲೇ 1080ಪಿ ಅಳತೆಯನ್ನು ಆರಿಸಿಕೊಳ್ಳಿ.

"ಫೈಲು ಸಿಗುತ್ತಿಲ್ಲ" ಎಂಬ ಸಂದೇಶ ಬಂದರೆ ವಿಡಿಯೊ ಹಾಳಾಗಿಲ್ಲ, ಜಾಗ ಬದಲಾಗಿದೆ. ಪ್ರಾಜೆಕ್ಟ್ ಫೈಲಿನೊಳಗೆ ವಿಡಿಯೊ ಇರುವುದಿಲ್ಲ. ಯಾವ ಕ್ಲಿಪ್ ಎಲ್ಲಿದೆ, ಎಲ್ಲಿಂದ ಎಲ್ಲಿಗೆ ಕತ್ತರಿಸಬೇಕು ಎಂಬ ಚೀಟಿ ಮಾತ್ರ ಇರುತ್ತದೆ. ಕ್ಲಿಪ್‌ಗಳನ್ನು ಹಳೆಯ ಜಾಗಕ್ಕೆ ಮರಳಿಸಿ, ಇಲ್ಲವೇ ಸಂದೇಶದ ಪೆಟ್ಟಿಗೆಯಲ್ಲೇ ಹೊಸ ಜಾಗ ತೋರಿಸಿ. ಈ ಚೀಟಿಯನ್ನೇ ವಿಡಿಯೊ ಎಂದು ತಿಳಿದು, ಕೆಲವು ಕೆಬಿಯ ಫೈಲೊಂದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಊರಿಗೆ ಹೋಗಿ, ಜಗುಲಿಯಲ್ಲಿ ಸೇರಿದ ಇಪ್ಪತ್ತು ಜನರ ಮುಂದೆ ಟಿವಿ ಹಚ್ಚಿದ ಅನುಭವ ನನಗಿದೆ. ಫೈಲಿನ ಗಾತ್ರ ನೋಡಿದ್ದರೆ ಹೊರಡುವ ಮೊದಲೇ ತಿಳಿಯುತ್ತಿತ್ತು.

ಹಂತ 7: ಶೀರ್ಷಿಕೆಯ ಕನ್ನಡ ಅಕ್ಷರಗಳು ಕೆಟ್ಟಾಗ

ಇಲ್ಲಿ ಎರಡು ಬಗೆಯ ದೋಷಗಳಿವೆ, ಎರಡಕ್ಕೂ ಔಷಧ ಬೇರೆ. ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಂಡರೆ, ಪಠ್ಯವನ್ನು ನುಡಿ ಅಥವಾ ಬರಹದ ಹಳೆಯ ಆನ್ಸಿ ಅಕ್ಷರಶೈಲಿಯಲ್ಲಿ ಟೈಪ್ ಮಾಡಲಾಗಿದೆ. ಅದನ್ನು ಯೂನಿಕೋಡಿಗೆ ಪರಿವರ್ತಿಸಿ ಅಂಟಿಸಿ, ಇಲ್ಲವೇ ಯೂನಿಕೋಡ್ ಆಯ್ಕೆಯಲ್ಲಿ ಮತ್ತೆ ಟೈಪ್ ಮಾಡಿ; ಅಕ್ಷರಶೈಲಿಯಾಗಿ ನೋಟೊ ಸಾನ್ಸ್ ಕನ್ನಡ ಅಥವಾ ವಿಂಡೋಸಿನ ನಿರ್ಮಲಾ ಯುಐ ಆರಿಸಿ.

ಅಕ್ಷರಗಳು ಕನ್ನಡವೇ ಆಗಿದ್ದು ಒತ್ತಕ್ಷರಗಳು ಮಾತ್ರ ಕಳಚಿ ಪಕ್ಕಕ್ಕೆ ಬಿದ್ದಿದ್ದರೆ, ತಪ್ಪು ಅಕ್ಷರಶೈಲಿಯದಲ್ಲ. ತಂತ್ರಾಂಶಕ್ಕೆ ನಮ್ಮ ಲಿಪಿಯನ್ನು ಕೂಡಿಸಲು ಬರುತ್ತಿಲ್ಲ. ಅಡೋಬಿ ಪ್ರೀಮಿಯರ್ ಪ್ರೊ ಬಳಸುವವರು "ಪ್ರಿಫರೆನ್ಸಸ್", "ಗ್ರಾಫಿಕ್ಸ್" ಎಂಬಲ್ಲಿ ಪಠ್ಯದ ಎಂಜಿನ್ನನ್ನು "ಸೌತ್ ಏಷ್ಯನ್ ಆ್ಯಂಡ್ ಮಿಡಲ್ ಈಸ್ಟರ್ನ್" ಎಂದು ಬದಲಾಯಿಸಿ, ತಂತ್ರಾಂಶ ಮುಚ್ಚಿ ತೆರೆದು, ಹೊಸದಾಗಿ ಶೀರ್ಷಿಕೆ ಬರೆಯಬೇಕು. ಯಾವ ತಂತ್ರಾಂಶವಾದರೂ ಮೊದಲು "ಶ್ರೀ", "ಸೂರ್ಯ", "ರಾಷ್ಟ್ರ", "ಲಕ್ಷ್ಮೀ" ಎಂಬ ನಾಲ್ಕು ಪದಗಳನ್ನು ಬರೆದು ನೋಡಿ. ಅರ್ಕಾವೊತ್ತು ಮತ್ತು ಮೂರು ವ್ಯಂಜನಗಳ ಕೂಟ ಸರಿಯಾಗಿ ಬಂದರೆ ಉಳಿದವೂ ಬರುತ್ತವೆ.

ಏನು ಮಾಡಿದರೂ ಬಾರದಿದ್ದರೆ ಲಿಬ್ರೆಆಫೀಸ್ ಡ್ರಾ ಅಥವಾ ಇಂಕ್‌ಸ್ಕೇಪಿನಲ್ಲಿ ಶೀರ್ಷಿಕೆ ಬರೆದು, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ಉಳಿಸಿ, ಟೈಮ್‌ಲೈನಿನಲ್ಲಿ ವಿಡಿಯೊದ ಮೇಲಿನ ಪಟ್ಟಿಗೆ ಹಾಕಿ. ಸಬ್‌ಟೈಟಲ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ಉಳಿಸುವಾಗ ಎನ್‌ಕೋಡಿಂಗ್ "ಯುಟಿಎಫ್-8" ಎಂದೇ ಇರಬೇಕು, ಇಲ್ಲದಿದ್ದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ.

ಹಂತ 8: ಎಕ್ಸ್‌ಪೋರ್ಟ್ ನಡುವೆ ನಿಂತಾಗ

ಮೊದಲು ಗಾತ್ರದ ಲೆಕ್ಕ ಹಾಕಿ. ಬಿಟ್‌ರೇಟನ್ನು (ಸೆಕೆಂಡಿಗೆ ಎಷ್ಟು ಬಿಟ್ ಎಂಬುದನ್ನು) ಸೆಕೆಂಡುಗಳಿಂದ ಗುಣಿಸಿ 8ರಿಂದ ಭಾಗಿಸಬೇಕು: ಸೆಕೆಂಡಿಗೆ 8 ಮೆಗಾಬಿಟ್‌ನಲ್ಲಿ ಒಂದು ಗಂಟೆಯ ವಿಡಿಯೊ ಸುಮಾರು 3.6 ಜಿಬಿ. ಡಿಸ್ಕಿನಲ್ಲಿ ಅಷ್ಟು ಜಾಗವಿಲ್ಲದಿದ್ದರೆ ಬೇರೆ ಕಾರಣ ಹುಡುಕುವುದೇ ಬೇಡ.

ಜಾಗವಿದ್ದೂ ನಿಂತರೆ, ಎರಡನೇ ಸಲ ಎಕ್ಸ್‌ಪೋರ್ಟ್ ಮಾಡಿ ಎಲ್ಲಿ ನಿಲ್ಲುತ್ತದೆ ನೋಡಿ. ಎರಡು ಸಲವೂ ಶೇಕಡಾ 63ರಲ್ಲೇ ನಿಂತರೆ, 40 ನಿಮಿಷದ ವಿಡಿಯೊದಲ್ಲಿ ಅದು ಸುಮಾರು 25ನೇ ನಿಮಿಷ. ಆ ಜಾಗದ ಆಸುಪಾಸಿನಲ್ಲಿ ಒಂದು ಕೆಟ್ಟ ಕ್ಲಿಪ್ಪೋ ಎಫೆಕ್ಟೋ ಕೂತಿದೆ. ಎಫೆಕ್ಟ್ ತೆಗೆದು ನೋಡಿ, ಹೋಗದಿದ್ದರೆ ಆ ಕ್ಲಿಪ್ಪನ್ನು ಹ್ಯಾಂಡ್‌ಬ್ರೇಕಿನಲ್ಲಿ ಪರಿವರ್ತಿಸಿ ಬದಲಾಯಿಸಿ. ಪ್ರತಿ ಸಲ ಬೇರೆ ಬೇರೆ ಕಡೆ ನಿಂತರೆ ಯಂತ್ರ ಬಿಸಿಯಾಗುತ್ತಿದೆ ಅಥವಾ ಗ್ರಾಫಿಕ್ಸ್ ಡ್ರೈವರ್ ಕೈಕೊಡುತ್ತಿದೆ. "ಯೂಸ್ ಹಾರ್ಡ್‌ವೇರ್ ಎನ್‌ಕೋಡರ್" ಆಯ್ಕೆಯನ್ನು ತೆಗೆದು, ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿನಿಂದ ಮೇಜಿಗೆ ತಂದು, ಇತರ ತಂತ್ರಾಂಶಗಳನ್ನು ಮುಚ್ಚಿ ಮತ್ತೆ ಪ್ರಯತ್ನಿಸಿ.

ಡೆಸ್ಕ್‌ಟಾಪ್ ಬಳಸುವವರಿಗೆ ಕರೆಂಟ್ ಹೋಗುವುದೂ ಒಂದು ದೊಡ್ಡ ಕಾರಣ. ಅರ್ಧಕ್ಕೆ ನಿಂತ ಎಂಪಿ4 ಸಾಮಾನ್ಯವಾಗಿ ತೆರೆಯುವುದೇ ಇಲ್ಲ; ಯುಪಿಎಸ್ ಇಲ್ಲದವರು ಎಂಕೆವಿ ರೂಪದಲ್ಲಿ ಎಕ್ಸ್‌ಪೋರ್ಟ್ ಮಾಡಿದರೆ ಅಲ್ಲಿಯವರೆಗಿನ ಭಾಗವಾದರೂ ಉಳಿಯುತ್ತದೆ.

ಹಂತ 9: ಕಂಪ್ಯೂಟರಿನಲ್ಲಿ ಸರಿ, ಟಿವಿಯಲ್ಲಿ ಇಲ್ಲ

ಟಿವಿಗೆ ಕೊಡುವ ಪ್ರತಿ ಎಂಪಿ4 ಡಬ್ಬಿಯಲ್ಲಿ ಎಚ್.264, 8 ಬಿಟ್, 1080ಪಿ ಇರಲಿ, ಧ್ವನಿ ಎರಡು ಚಾನೆಲ್ಲಿನ ಎಎಸಿ ಇರಲಿ. ಇದಕ್ಕಿಂತ ಸುರಕ್ಷಿತವಾದ ಕೂಡಿಕೆ ನನಗೆ ಗೊತ್ತಿಲ್ಲ. ಚಿತ್ರ ಬಂದು ಧ್ವನಿ ಬಾರದಿದ್ದರೆ, ಧ್ವನಿ ಡಿಟಿಎಸ್ ಅಥವಾ ಓಪಸ್ ರೂಪದಲ್ಲಿರಬಹುದು. ಅನೇಕ ಟಿವಿಗಳಿಗೆ ಅವು ಅರ್ಥವಾಗುವುದಿಲ್ಲ.

ಪೆನ್‌ಡ್ರೈವಿನಲ್ಲಿ ಜಾಗವಿದ್ದರೂ "ಫೈಲು ತುಂಬಾ ದೊಡ್ಡದು" ಎಂದು ಕಾಪಿ ನಿಂತರೆ ಅದು ಫ್ಯಾಟ್32 ವ್ಯವಸ್ಥೆಯಲ್ಲಿದೆ. 4 ಜಿಬಿಗಿಂತ ದೊಡ್ಡ ಒಂದೇ ಫೈಲನ್ನು ಅದು ಹಿಡಿಯಲಾರದು. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಬಹುದು, ಆದರೆ ಫಾರ್ಮ್ಯಾಟ್ ಮಾಡಿದರೆ ಒಳಗಿನದೆಲ್ಲ ಹೋಗುತ್ತದೆ, ಹಳೆಯ ಟಿವಿಗಳು ಎಕ್ಸ್‌ಫ್ಯಾಟನ್ನು ಓದದೆಯೂ ಇರಬಹುದು. ವಿಡಿಯೊವನ್ನೇ ಎರಡು ಭಾಗ ಮಾಡುವುದು ಸರಳ.

ಹಳೆಯ ಮದುವೆಯ ಡಿವಿಡಿಯಿಂದ ತೆಗೆಯುವವರು ವಿಒಬಿ ಫೈಲುಗಳನ್ನು ಒಂದೊಂದಾಗಿ ಪರಿವರ್ತಿಸಬೇಡಿ. ಅವು 1 ಜಿಬಿಗೊಂದರಂತೆ ಕತ್ತರಿಸಿದ ತುಂಡುಗಳು, ಸೇರುವಲ್ಲಿ ಧ್ವನಿ ಕಡಿಯುತ್ತದೆ. "ವಿಡಿಯೊ ಟಿಎಸ್" ಎಂಬ ಇಡೀ ಫೋಲ್ಡರನ್ನೇ ಹ್ಯಾಂಡ್‌ಬ್ರೇಕಿಗೆ ಕೊಡಿ. ಕೈ ಬೀಸಿದಾಗ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಕಂಡರೆ "ಫಿಲ್ಟರ್ಸ್" ವಿಭಾಗದಲ್ಲಿ ಡೀಇಂಟರ್‌ಲೇಸ್ ಆಯ್ಕೆಯನ್ನು "ಯಾಡಿಫ್" ಮಾಡಿ.

ಹಂತ 10: ಫೈಲು ತೆರೆಯಲೇ ಒಪ್ಪದಿದ್ದರೆ

ರೆಕಾರ್ಡ್ ಮಾಡುತ್ತಿರುವಾಗ ಫೋನಿನ ಬ್ಯಾಟರಿ ಮುಗಿದರೆ, 3 ಜಿಬಿಯ ಫೈಲು ಉಳಿದಿದ್ದರೂ ಯಾವ ಪ್ಲೇಯರೂ ಅದನ್ನು ತೆರೆಯದು. ಎಂಪಿ4ರ ಪರಿವಿಡಿಯನ್ನು ಫೋನು ಸಾಮಾನ್ಯವಾಗಿ ರೆಕಾರ್ಡಿಂಗ್ ನಿಲ್ಲಿಸಿದ ಮೇಲೆ ಬರೆಯುತ್ತದೆ. ಅದು ಬರೆಯದೆ ಹೋಗಿರುತ್ತದೆ. ಅದೇ ಫೋನಿನಲ್ಲಿ, ಅದೇ ಸೆಟ್ಟಿಂಗಿನಲ್ಲಿ ಒಂದೆರಡು ನಿಮಿಷದ ಹೊಸ ವಿಡಿಯೊ ತೆಗೆದು, ಅದನ್ನು ಮಾದರಿಯಾಗಿ ಕೊಟ್ಟರೆ "ಅನ್‌ಟ್ರಂಕ್" ಎಂಬ ಉಚಿತ ತಂತ್ರಾಂಶ ಪರಿವಿಡಿಯನ್ನು ಮತ್ತೆ ಕಟ್ಟಲು ಯತ್ನಿಸುತ್ತದೆ. ಬೇರೆ ಮಾದರಿಯ ಫೋನಿನ ವಿಡಿಯೊ ಕೊಟ್ಟರೆ ಕೆಲಸವಾಗದು. ಈ ಮಾದರಿ ವಿಡಿಯೊ ತೆಗೆಯುವ ಮೊದಲು ಕೆಟ್ಟ ಫೈಲನ್ನು ಕಂಪ್ಯೂಟರಿಗೆ ಕಾಪಿ ಮಾಡಿಕೊಂಡಿರಬೇಕು. ಗಾತ್ರ ಸೊನ್ನೆಯಾಗಿದ್ದರೆ ದುರಸ್ತಿ ಮಾಡಲು ಒಳಗೆ ಏನೂ ಇಲ್ಲ.

ಮೆಮೊರಿ ಕಾರ್ಡಿನಿಂದ ತಪ್ಪಿ ಅಳಿಸಿದ್ದರೆ, ಆ ಕ್ಷಣದಿಂದ ಆ ಕಾರ್ಡಿನಲ್ಲಿ ಒಂದು ಫೋಟೊವನ್ನೂ ತೆಗೆಯಬೇಡಿ. ಹೊಸದು ಬರೆದ ಜಾಗದಲ್ಲಿ ಹಳೆಯದು ಶಾಶ್ವತವಾಗಿ ಹೋಗುತ್ತದೆ. ಕಾರ್ಡನ್ನು ಕಂಪ್ಯೂಟರಿಗೆ ಹಾಕಿ "ಫೋಟೊರೆಕ್" ಓಡಿಸಿ, ಸಿಕ್ಕಿದ್ದನ್ನು ಬೇರೆ ಡಿಸ್ಕಿಗೆ ಉಳಿಸಿ.

ಹಾರ್ಡ್‌ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ, ಅಥವಾ ಒಂದೇ ಫೋಲ್ಡರಿನ ಕಾಪಿ ಪದೇ ಪದೇ ಸಿಕ್ಕಿಹಾಕಿಕೊಂಡು ಇಡೀ ಕಂಪ್ಯೂಟರು ಹೆಪ್ಪುಗಟ್ಟುತ್ತಿದ್ದರೆ, ಮೇಲಿನ ಯಾವ ಹಂತವನ್ನೂ ಮುಂದುವರಿಸಬೇಡಿ. ಡಿಸ್ಕ್ ಪರೀಕ್ಷಿಸುವ ತಂತ್ರಾಂಶವನ್ನು ಓಡಿಸುವುದೂ ಬೇಡ, ಸಾಯುತ್ತಿರುವ ಡಿಸ್ಕಿಗೆ ಆ ಓಟವೇ ಕೊನೆಯದಾಗಬಹುದು. ಸದ್ದು ಇಲ್ಲದಿದ್ದರೆ ಅತಿ ಬೇಕಾದ ಫೈಲುಗಳನ್ನು ಮಾತ್ರ ಮೊದಲು ಬೇರೆಡೆಗೆ ತೆಗೆಯಲು ಪ್ರಯತ್ನಿಸಿ. ಸದ್ದು ಇದ್ದರೆ ವಿದ್ಯುತ್ ತೆಗೆದು, ಡಿಸ್ಕನ್ನು ಡೇಟಾ ರಿಕವರಿ ಮಾಡುವವರ ಕೈಗೆ ಹಾಗೆಯೇ ಕೊಡಿ.